ಗೆರೆಯಾಚೆಗೆ ಬಾಗಿದ ಪಟ್ಟಿ

ಕಿಟಕಿಯ ಜಾಲರಿಗೆ ಬಳ್ಳಿಯ ಸುರುಳಿ ಬೇಕೆಂದು ಕಮ್ಮಾರ ಮೌನೇಶಪ್ಪ ಹಳೆಯ ಸ್ಪ್ಯಾನರಿಗೆ ಎರಡು ಬೋಲ್ಟು ಬೆಸೆದು, ಕಬ್ಬಿಣವನ್ನು ಕಾಯಿಸದೆಯೇ ಬಾಗಿಸುವ ಹತಾರ ಮಾಡಿದ.

ಬೋಲ್ಟುಗಳ ನಡುವೆ ಸಿಕ್ಕ ಕಬ್ಬಿಣದ ಪಟ್ಟಿ ಕೂಗಿತು: “ಅಣ್ಣಾ, ಸುರುಳಿಯ ಅಳತೆಗೆ ಎಳೆದ ಸೀಮೆಸುಣ್ಣದ ಗೆರೆ ಮುಟ್ಟಿಯಾಯಿತು. ಅದರಾಚೆ ಒತ್ತಿದರೆ ಅನ್ಯಾಯ!”

“ಆಗಲಿ ತಮ್ಮಾ,” ಎಂದು ಹತಾರ ಅಲ್ಲೇ ಕೈಬಿಟ್ಟಿತು.

ತಣ್ಣನೆಯ ಕಬ್ಬಿಣವಲ್ಲವೇ, ಬಿಟ್ಟೊಡನೆ ಪಟ್ಟಿ ತುಸು ಹಿಂದಕ್ಕೆ ಬಿಚ್ಚಿಕೊಂಡಿತು. ಹಾಗಾಗಿ ಅದು ಜಾಲರಿಯಲ್ಲಿ ಕೂರಲಿಲ್ಲ.

“ಇನ್ನೊಂದು ಸಲ ನೋಡುತ್ತೇನೆ. ಆಗಲೂ ಕೂರದಿದ್ದರೆ ಗುಜರಿಗೆ,” ಎಂದ ಮೌನೇಶಪ್ಪ.

ಪಟ್ಟಿ ಹತಾರದತ್ತ ತಿರುಗಿತು. “ನಾನು ಗೆರೆಯ ಮೇಲೇ ಇದ್ದೆನಲ್ಲ, ಅಣ್ಣಾ!”

ಹತಾರ ಹೇಳಿತು: “ನಾನು ಹಿಡಿದಿರುವಾಗ ಇದ್ದೆ. ನಾನು ಬಿಟ್ಟ ಮೇಲೂ ನೀನು ಅಲ್ಲೇ ಇರಲೆಂದು ಆಚೆಗೆ ಒತ್ತಲು ಹೊರಟಿದ್ದೆ.”

ಪಟ್ಟಿ ಮತ್ತೆ ಬೋಲ್ಟುಗಳ ನಡುವೆ ಬಂತು. “ಅಣ್ಣಾ, ಈ ಸಲ ನಾನು ಎಷ್ಟೇ ಕೂಗಿಕೊಂಡರೂ ಗೆರೆಯಲ್ಲಿ ನಿಲ್ಲಬೇಡ.”