ನೂರೊಂದು ಸಾವಿನ ಓಣಿ

ಮುತ್ತಲಕೋಟೆಯ ದೊಡ್ಡ ಅಗಸಿಯಿಂದ ಸಂತೆಕಟ್ಟೆಗೆ ಹೋಗುವ ದಾರಿ ಕೋಟೆಯನ್ನು ಬಳಸಿಕೊಂಡು ಹೋಗುತ್ತದೆ. ಬಳಸದೆ ನೆಟ್ಟಗೆ ಹೋಗುತ್ತೇನೆ ಎನ್ನುವವರಿಗೆ ನಡುವೆ ಒಂದು ಓಣಿಯಿದೆ. ಬಾಯಲ್ಲಿ ಅಂಗಳದಷ್ಟು ಅಗಲ. ಒಳಗೆ ಹೋದಂತೆ ಎಷ್ಟು ಕಿರಿದಾಗುತ್ತದೆಂದರೆ ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರುಮನೆಯವರು ಸೀನುತ್ತಾರೆ. ನಗರಸಭೆಯವರು ಓಣಿಯ ಬಾಯಲ್ಲಿ ‘ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ನೆಟ್ಟಿದ್ದಾರೆ. ಅದನ್ನು ಇದುವರೆಗೆ ಓದಿದ್ದು ಅದರ ಕಂಬಕ್ಕೆ ಕಟ್ಟಿಹಾಕುವ ಎಮ್ಮೆ ಮಾತ್ರ. ಆದರೂ ಒಳದಾರಿ ಹುಡುಕಿ ನುಗ್ಗುವ ಆಟೋ, ಬೈಕು, ಟಂಟಂಗಳೆಲ್ಲ ಎಡಗಡೆಯ ಮೊದಲ ಮನೆಯ ಕಲ್ಲುಕಟ್ಟೆಯವರೆಗೆ ಬಂದು, ಓಣಿಯವರು ಯಾರಾದರೂ ಕಟ್ಟೆಯ ಕಡೆಗೆ ಕೈ ತೋರಿಸಿದ ಕೂಡಲೇ ಹಾರ್ನ್ ನಿಲ್ಲಿಸಿ ಹೊರಳಿಹೋಗುತ್ತವೆ. ಈ ಓಣಿಯ ಹೆಸರು ನೂರೊಂದು ಸಾವಿನ ಓಣಿ. ಹೆಸರು ಕೇಳಿದ ಪರಸ್ಥಳದವರು ಇಲ್ಲಿ ಭಾರೀ ಕಾಳಗ ನಡೆದಿರಬೇಕು ಎನ್ನುತ್ತಾರೆ. ಸ್ವಲ್ಪ ಓದಿದವರು ಪ್ಲೇಗು ಎನ್ನುತ್ತಾರೆ. ಕಾಳಗದಲ್ಲಿ ಸಾಯುವುದು ಯಾವ ಊರಿನವರಿಗೂ ಬರುತ್ತದೆ. ನಮ್ಮ ಓಣಿಯ ಹೆಚ್ಚುಗಾರಿಕೆಯೇ ಬೇರೆ. ಇಲ್ಲಿ ಆದ ಅಷ್ಟೂ ಸಾವು ಒಬ್ಬನದೇ.

ಹಿಂದೆ ಒಮ್ಮೆ, ಕೋಟೆಗೆ ಇನ್ನೂ ದೊರೆ ಇದ್ದ ಕಾಲದಲ್ಲಿ, ಇದು ಬಳೆಗಾರರ ಓಣಿಯಾಗಿತ್ತು. ಮನೆಮನೆಯ ಪಡಸಾಲೆಯಲ್ಲೂ ಬಳೆಯ ಮಲಾರಗಳು ತೂಗುತ್ತಿದ್ದವು. ಶನಿವಾರದ ಸಂತೆಗೆ ಹತ್ತಿ ತುಂಬಿದ ಗಾಡಿಗಳು ಕೋಟೆ ಬಳಸಿ ಹೋಗುವುದನ್ನು ಬಿಟ್ಟು ಈ ಓಣಿಯಲ್ಲೇ ನುಗ್ಗತೊಡಗಿದವು. ಒಂದಲ್ಲ, ಎರಡಲ್ಲ, ನಲವತ್ತು ಗಾಡಿ. ಅದರಿಂದ ಗಾಡಿಕಾರರಿಗೆ ಉಳಿಯುತ್ತಿದ್ದ ಹೊತ್ತೆಂದರೆ ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟು. ಅಷ್ಟಕ್ಕಾಗಿ ಓಣಿಯ ಗೋಡೆಗಳು ನಡುಗುತ್ತಿದ್ದವು, ಮಲಾರದ ಬಳೆಗಳು ಒಂದಕ್ಕೊಂದು ಬಡಿದು ಚೂರಾಗಿ ಉದುರುತ್ತಿದ್ದವು. ಮೊದಲ ಮನೆಯ ಅಡಿವೆಪ್ಪ ಮತ್ತು ಅವನ ಹೆಂಡತಿ ದುಂಡವ್ವ ಆ ಚೂರುಗಳನ್ನು ಸುಮ್ಮನೆ ಗುಡಿಸಿ ಮೂಲೆಗೆ ಒಟ್ಟುತ್ತಿದ್ದರು. ಒಂದು ಶನಿವಾರ ಅವರ ಐದು ವರ್ಷದ ಮೊಮ್ಮಗಳು ಗಂಗಿ ಹೊಸ್ತಿಲು ದಾಟಿ ಇಳಿದಾಗ ಗಾಡಿಯ ಚಕ್ರ ಅವಳ ಪಾದದ ಮೇಲೆ ಹಾಯಿತು. ಮಗು ಬದುಕಿತು, ಕಾಲು ಸೊಟ್ಟಗಾಯಿತು. ಅಡಿವೆಪ್ಪ ಹೋಗಿ ಗಾಡಿಗಳ ಮುಂದಾಳು ಭರಮಣ್ಣನ ಕೈ ಹಿಡಿದುಕೊಂಡು, “ಆ ಕಡೆಯಿಂದ ಹೋಗ್ರಪಾ, ಸಣ್ಣ ಮಕ್ಕಳಿರೋ ಓಣಿ” ಎಂದು ಬೇಡಿಕೊಂಡ. ಭರಮಣ್ಣ ಕೆಟ್ಟವನೇನಲ್ಲ, ಆದರೆ ಆತುರದವನು. “ದಾರಿ ದೊರೀದು ಯಜಮಾನ್ರ, ನಿಮ್ಮಪ್ಪಂದಲ್ಲ” ಎಂದು ಎತ್ತಿನ ಬಾಲ ತಿರುವಿದ.

ದುಂಡವ್ವನಿಗೆ ಆ ದಿನದಿಂದ ಉಪ್ಪು ಖಾರದ ರುಚಿ ತಿಳಿಯದಾಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಾಡಿಯ ಗೆಜ್ಜೆ ಕೇಳಿದರೆ ಎದ್ದು ಮಗುವನ್ನು ಒಳಗೆ ಎಳೆದುಕೊಳ್ಳುವಳು, ಹೋದ ಮೇಲೆ ಬಿಡುವಳು, ಅಷ್ಟೇ. ಉಪಾಯ ಹೊಳೆದದ್ದು ಅಡಿವೆಪ್ಪನಿಗೆ. ಎತ್ತದ ಹೆಣದ ಮುಂದೆ ತುಂಬಿದ ಗಾಡಿ ದಾಟಿಸಿದರೆ ಆ ಸರಕಿಗೆ ಗಿರಾಕಿ ಬರುವುದಿಲ್ಲ ಎಂದು ಗಾಡಿಕಾರರು ನಂಬಿದ್ದರು. “ಮುಂದಿನ ಶನಿವಾರ ನಾ ಸಾಯ್ತೀನಿ” ಎಂದ ಅಡಿವೆಪ್ಪ, ಹೊಲಕ್ಕೆ ಹೋಗಿಬರುತ್ತೇನೆ ಎಂದಂತೆ. ದುಂಡವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸದೆ, “ಉಂಡು ಸಾಯ್ತೀರೋ, ಹಂಗೇ ಸಾಯ್ತೀರೋ?” ಎಂದು ಕೇಳಿದಳಂತೆ.

ಉಂಡೇ ಸತ್ತ. ನಮ್ಮ ಓಣಿಯವರು ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೊರಗಿಸಿ ಕೂಡಿಸುತ್ತಾರೆ. ಮುಂಜಾನೆ ದುಂಡವ್ವ ಅಂಗಳದಲ್ಲಿ ಕುಳ್ಳಿನ ಬೆಂಕಿ ಹೊಗೆಯಾಡಿಸಿ, ಗಂಡನ ಹಣೆ, ತೋಳಿಗೆ ವಿಭೂತಿ ಬಳಿದು, ಗದ್ದ ಜೋಲದಂತೆ ಬಟ್ಟೆ ಕಟ್ಟಿ, ಕಟ್ಟೆಯ ಮೇಲೆ ಕೂಡಿಸಿದಳು. ತೊಡೆಯ ಕೆಳಗೆ ಯಾರಿಗೂ ಕಾಣದಂತೆ ಕಂಬಳಿ ಮಡಿಚಿಟ್ಟಳು. ಮೂಲೆಯಲ್ಲಿ ಒಟ್ಟಿದ್ದ ಬಳೆಚೂರನ್ನು ತಂದು ತನ್ನ ಮುಂದೆ ಚೆಲ್ಲಿಕೊಂಡು, ಬರಿಗೈಯಂತೆ ಕಾಣಲು ಸೆರಗಿನಲ್ಲಿ ಕೈ ಮರೆಸಿ ಬೊಬ್ಬೆ ಹಾಕಿದಳು. ಗಾಡಿಕಾರರು ಆ ಅಳು ಕೇಳಿ ರುಮಾಲು ತೆಗೆದರು. ನಲವತ್ತು ಗಾಡಿಯೂ ಕಟ್ಟೆಯ ಮುಂದೆ ಹೊರಳಿ ಹಿಂದಕ್ಕೆ ಹೋದವು. ಕೊನೆಯ ಗೆಜ್ಜೆ ನಿಂತ ಮೇಲೆ ಅಡಿವೆಪ್ಪ ಕಣ್ಣು ಬಿಟ್ಟು, “ಕಾಲು ಜೋಮು ಹಿಡಿದಾವ ನೋಡು” ಎಂದ. ಆಕೆ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ತಿಕ್ಕಿದಳು. ಅಂದು ಗಂಗಿ ಸಂಜೆಯವರೆಗೂ ಓಣಿಯ ನಡುವೆ ಕುಂಟಾಬಿಲ್ಲೆ ಆಡಿದಳು.

ಸಂತೆ ವಾರವಾರ ಬರುವಂಥದ್ದು, ಸಾವು ಹಾಗಲ್ಲ. ಆದರೆ ಅಡಿವೆಪ್ಪನ ಕೈಯಲ್ಲಿ ಅದೂ ವಾರಕ್ಕೊಮ್ಮೆ ಬರತೊಡಗಿತು. ಎರಡನೆಯ ಶನಿವಾರ ಕೆಂಪು ರುಮಾಲು ಸುತ್ತಿ ತನ್ನ ಅಣ್ಣನಾಗಿ ಸತ್ತ. ಮೂರನೆಯದಕ್ಕೆ ಮೇಕೆಯ ಕೂದಲಿನ ಮೀಸೆ ಅಂಟಿಸಿಕೊಂಡು ಬೀಗನಾಗಿ, ಐದನೆಯದಕ್ಕೆ ಸೀರೆ ಹೊದ್ದು ಸೋದರತ್ತೆಯಾಗಿ ಸತ್ತ. ಸೋದರತ್ತೆಯ ಮುಖದ ಕಳೆ ಎಷ್ಟು ಚೆನ್ನಾಗಿತ್ತೆಂದರೆ ಒಬ್ಬ ಗಾಡಿಕಾರ, “ಛೇ, ಇನ್ನೂ ಬಾಳೋ ವಯಸ್ಸು” ಎಂದು ಬಿಕ್ಕಿದನಂತೆ. ಬೇರೆ ಓಣಿಯವರು ಒಟ್ಟು ಎಪ್ಪತ್ತು ಸಾವು ಎನ್ನುತ್ತಾರೆ, ಅದು ಹೊಟ್ಟೆಕಿಚ್ಚು. ನೂರೊಂದಕ್ಕೆ ಒಂದು ಕಡಿಮೆಯಾದರೂ ನಮ್ಮ ಓಣಿ ಒಪ್ಪುವುದಿಲ್ಲ. ಭರಮಣ್ಣನಿಗೆ ಮಾತ್ರ ಒಳಗೊಳಗೇ ಗುಮಾನಿ. ಬಂದಾಗಲೆಲ್ಲ ಬಾರುಕೋಲಿನ ತುದಿಯಿಂದ ಹೆಣದ ಅಂಗಾಲನ್ನು ಒಮ್ಮೆ ಕೆರೆದು ನೋಡುತ್ತಿದ್ದ. ಅಡಿವೆಪ್ಪನ ಕಾಲು ಮಿಸುಕುತ್ತಿರಲಿಲ್ಲ. ಜನ ಅದನ್ನು ಯೋಗಸಾಧನೆ ಎಂದು ಕೊಂಡಾಡಿದರು. ದುಂಡವ್ವನಿಗೆ ಗೊತ್ತಿತ್ತು: ಜೋಮು ಈಗ ಎಣ್ಣೆ ತಿಕ್ಕಿದರೂ ಇಳಿಯುತ್ತಿರಲಿಲ್ಲ. ಶನಿವಾರ ಹಿಡಿದದ್ದು ಬುಧವಾರದವರೆಗೆ, ಆಮೇಲೆ ಶುಕ್ರವಾರದವರೆಗೆ. ಆಕೆಯ ಅಳುವೂ ಹಾಗೆಯೇ. ಮೊದಮೊದಲು ಎದೆಯಿಂದ ಬರುತ್ತಿದ್ದದ್ದು ಆಮೇಲೆ ಗಂಟಲಿನಿಂದ ಬರತೊಡಗಿತು, ಕೊನೆಗೆ ಬರಿಯ ಬಾಯಿಂದ. ಬೊಬ್ಬೆ ಹಾಕುತ್ತಲೇ ಆಕೆ ಬೇಳೆ ಬೆಂದಿತೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದಳು.

ನೂರನೆಯ ಶನಿವಾರ ಒಂದು ನೊಣ ಬಂದು ಹೆಣದ ಮೂಗಿನ ಮೇಲೆ ಕೂತಿತು. ಹೆಣ ಸೀನಿತು. ಭರಮಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಲವತ್ತು ಗಾಡಿಯವರೂ ನಕ್ಕರು. ಹೆಣ ಅಂದು ಅಂಟಿಸಿಕೊಂಡಿದ್ದ ಮೇಕೆ ಮೀಸೆಯನ್ನು ಕಿತ್ತು ತನ್ನ ಎತ್ತಿನ ಕೊಂಬಿಗೆ ಸಿಕ್ಕಿಸಿಕೊಂಡು ಭರಮಣ್ಣ ಹೇಳಿದ: “ಎರಡು ವರ್ಷ ಆಡಿಸಿದ್ಯಲ್ಲೋ ಮುದುಕಾ! ಇವತ್ತು ನಿನ್ನ ಕಲೆಗೆ ಮೆಚ್ಚಿ ಹೊರಳಿ ಹೊಂಟೀವಿ. ಬರೋ ಶನಿವಾರ ಇಡೀ ಓಣಿನೇ ಸತ್ತು ಕೂತರೂ ಗಾಡಿ ನಿಲ್ಲಂಗಿಲ್ಲ.”

ಗಾಡಿ ಹೋದ ಮೇಲೆ ಅಡಿವೆಪ್ಪ ಏಳಲು ನೋಡಿದ, ಆಗಲಿಲ್ಲ. ಎತ್ತಿ ಒಳಗೆ ಒಯ್ದರು. ಜೋಮು ಸೋಮವಾರ ಸೊಂಟಕ್ಕೆ ಬಂತು, ಗುರುವಾರ ಎದೆಗೆ. ಕುಂಟುತ್ತ ಬಂದು ಪಕ್ಕದಲ್ಲಿ ಕುಳಿತ ಗಂಗಿಗೆ, “ಮೀಸಿ ಅವ ಒಯ್ದ, ಈ ಸಲ ನಾನು ನಾನಾಗೇ ಸಾಯಬೇಕು” ಎಂದು ನಗಿಸಲು ನೋಡಿದ. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಸತ್ತಿದ್ದ.

ದುಂಡವ್ವ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ, ಶನಿವಾರದ ಕೆಲಸವಷ್ಟೇ ಇತ್ತು. ಕುಳ್ಳಿನ ಬೆಂಕಿ ಮಾಡಿದಳು. ವಿಭೂತಿ ಬಳಿದಳು, ಗದ್ದಕ್ಕೆ ಬಟ್ಟೆ ಕಟ್ಟಿದಳು. ಓಣಿಯವರು ಎತ್ತಿ ಕಟ್ಟೆಯ ಮೇಲೆ ಕೂಡಿಸುವಾಗ ತೊಡೆಯ ಕೆಳಗೆ ಕಂಬಳಿ ಮಡಿಚಿಟ್ಟಳು. ಬಳೆಚೂರು ತರಲು ಮರೆತಳು. ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಅಳಲೂ ಮರೆತು ಪಕ್ಕದಲ್ಲಿ ಕೂತಳು.

ನಲವತ್ತು ಗಾಡಿ ಗೆಜ್ಜೆ ಕುಣಿಸುತ್ತ ಬಂದವು. ಮುಂದಿನ ಎತ್ತಿನ ಕೊಂಬಿನಲ್ಲಿ ಮೇಕೆ ಮೀಸೆ. ಭರಮಣ್ಣ ಕೆಳಗೆ ಹಾರಿ, “ಏನವ್ವಾ, ಇವತ್ತು ಅಳೋದಕ್ಕೂ ಬ್ಯಾಸರಾತೇನು? ಬಳಿ ಸೈತ ತಗೀದೆ ಕುಂತೀಯಲ್ಲ!” ಎಂದು ನಗುತ್ತ ಬಾರುಕೋಲಿನಿಂದ ಹೆಣದ ಅಂಗಾಲು ಕೆರೆದ. ಹಿಂದಿನವರು ಹೋ ಎಂದರು. ದುಂಡವ್ವ ತಲೆಯೆತ್ತಿ, ನೀರು ಬೇಕೇ ಎಂದು ಕೇಳುವ ದನಿಯಲ್ಲಿ ಹೇಳಿದಳು: “ಹೋಗ್ರಪಾ, ಇವತ್ತು ಹಾದು ಹೋಗ್ರಿ. ತಡೆಯೋರು ಯಾರಿಲ್ಲ. ಹೊಸ್ತಿಲದಾಗ ಕೂಸು ಕುಂತೈತಿ, ಅಷ್ಟು ನೋಡಿಕೊಂಡು ಹೊಡೀರಿ.”

ಭರಮಣ್ಣ ಆಕೆಯ ಒಣಗಿದ ಕಣ್ಣನ್ನು ನೋಡಿದ, ಕೈತುಂಬಾ ಇದ್ದ ಬಳೆಯನ್ನು ನೋಡಿದ. ನೂರು ಅಳುವಿನಲ್ಲಿ ಇಲ್ಲದ ಏನೋ ಒಂದು ಅವನಿಗೆ ಆಗ ತಗುಲಿತು ಎನ್ನುತ್ತಾರೆ. ಕೊಂಬಿನ ಮೀಸೆಯನ್ನು ಬಿಚ್ಚಿ ಅಡಿವೆಪ್ಪನ ಪಾದದ ಬಳಿ ಇಟ್ಟ. ಎತ್ತುಗಳ ಗೆಜ್ಜೆಯನ್ನು ಕೈಯಲ್ಲಿ ಒತ್ತಿ ಹಿಡಿದು, ಸದ್ದಾಗದಂತೆ ಗಾಡಿ ಹೊರಳಿಸಿದ. ಹಿಂದಿನ ಮೂವತ್ತೊಂಬತ್ತೂ ಹೊರಳಿದವು. ಆಮೇಲೆ ಯಾವ ಶನಿವಾರವೂ ಅವು ಈ ಓಣಿಗೆ ಬರಲಿಲ್ಲ. ಕೊನೆಯ ಗಾಡಿ ಮರೆಯಾದ ಮೇಲೆ ದುಂಡವ್ವ ಎದ್ದು ಒಳಗೆ ಹೋದಳು, ಹರಳೆಣ್ಣೆ ಬೆಚ್ಚಗೆ ಮಾಡಿ ತಂದಳು, ಗಂಡನ ಕಾಲು ತಿಕ್ಕತೊಡಗಿದಳು. ತಿಕ್ಕುತ್ತಲೇ ಇದ್ದಳು. ಸಾಕು ಎಂದು ಹೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಆಗಲಿಲ್ಲ.

ಇವತ್ತು ಹೋದವರಿಗೂ ಕಾಣುವುದು ಇಷ್ಟು. ಓಣಿಯ ಬಾಯ ಹಾಸುಗಲ್ಲಿನಲ್ಲಿ ಗಾಡಿಚಕ್ರದ ಎರಡು ಜಾಡು ಒಳಗೆ ಬಂದು, ಕಟ್ಟೆಯ ಮುಂದೆ ಬಿಲ್ಲಿನಂತೆ ಬಾಗಿ, ಬಂದ ದಾರಿಗೇ ಹೊರಟಿವೆ. ಅಲ್ಲಿಂದಾಚೆಗೆ ಕಲ್ಲು ನುಣ್ಣಗಿದೆ. ಮಕ್ಕಳು ಅದರ ಮೇಲೆ ಸುಣ್ಣದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಾರೆ. ಕಟ್ಟೆಯ ಗಾರೆಯಲ್ಲಿ ಬಣ್ಣಬಣ್ಣದ ಬಳೆಚೂರು ಹುದುಗಿವೆ. ಕಟ್ಟೆಯ ಮೇಲೆ ಕಲ್ಲಿನ ಎರಡು ಪಾದಗಳಿವೆ. ಶನಿವಾರ ಮುಂಜಾನೆ ಓಣಿಯ ಯಾರಾದರೊಬ್ಬ ಹೆಂಗಸು ಬಟ್ಟಲಲ್ಲಿ ಹರಳೆಣ್ಣೆ ತಂದು ಅವುಗಳಿಗೆ ತಿಕ್ಕಿ ಹೋಗುತ್ತಾಳೆ. ಮಂತ್ರವಿಲ್ಲ, ಆರತಿಯಿಲ್ಲ. ಎಣ್ಣೆ ಮಾತ್ರ ಬೆಚ್ಚಗಿರಬೇಕು.