ಪಾಟೀಲರ ಹೆಸರಿನ ಕಾರು

ಕಲಬುರಗಿಯಲ್ಲಿ ಮಹಾರುದ್ರಪ್ಪ ಎಂಬ ತೊಗರಿ ವ್ಯಾಪಾರಿ ಇದ್ದ. ಭಾರಿ ಅನುಮಾನದ ಮನುಷ್ಯ. ರೈತ ಚೀಲದ ಬಾಯಿ ಬಿಚ್ಚಿ ಕಾಳು ತೋರಿಸಿದರೆ ಆ ಕಡೆ ನೋಡುತ್ತಲೂ ಇರಲಿಲ್ಲ. ಕೈಯಲ್ಲಿದ್ದ ಮೊನಚು ಕೊಳವೆಯನ್ನು ಚೀಲದ ತಳಕ್ಕೆ ಚುಚ್ಚಿ, ಅಲ್ಲಿಂದ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಒಂದನ್ನು ಕಚ್ಚಿ ನೋಡಿ, ಆಮೇಲೆ ಮಾತು. ವ್ಯಾಪಾರದಲ್ಲಿ ಇದು ತಪ್ಪಲ್ಲ ಬಿಡಿ. ಆದರೆ ಈ ಪುಣ್ಯಾತ್ಮ ಮನೆಗೆ ಬಂದ ಬೀಗರ ಮಾತನ್ನೂ ಹೀಗೇ ಚುಚ್ಚಿ ನೋಡುತ್ತಿದ್ದ.

ಅವನಿಗೆ ಇನ್ನೊಂದು ರೂಢಿ ಇತ್ತು. ದೊಡ್ಡ ಖರೀದಿ ಇದ್ದಾಗ ಸ್ವಂತ ಹೆಸರು ಹೇಳುತ್ತಿರಲಿಲ್ಲ. ಮಹಾರುದ್ರಪ್ಪ ಕೊಳ್ಳುತ್ತಿದ್ದಾನೆ ಅಂತ ಬಜಾರಿಗೆ ಗೊತ್ತಾದರೆ ದರ ಏರುತ್ತದಲ್ಲ, ಅದಕ್ಕೆ. ‘ಚನ್ನಬಸಪ್ಪ ಪಾಟೀಲ’ ಎಂಬ ಹೆಸರಿನಲ್ಲಿ ಮಾತಾಡುತ್ತಿದ್ದ. ಅಂಥ ಮನುಷ್ಯ ಭೂಮಿ ಮೇಲೆ ಇರಲಿಲ್ಲ. ಪಾಟೀಲರಿಗೆಂದೇ ಬೇರೆ ಫೋನು, ಬೇರೆ ನಂಬರು. ಆ ಫೋನು ಗೋದಾಮಿನ ಡ್ರಾವರಿನಲ್ಲಿರುತ್ತಿತ್ತು. ಗೋದಾಮಿನ ಬೀಗದ ಕೈ ಮಹಾರುದ್ರಪ್ಪನ ಉಡಿದಾರದಲ್ಲಿರುತ್ತಿತ್ತು. ಹೆಂಡತಿ ನೀಲಮ್ಮನ ಕೈಗೂ ಅದನ್ನು ಕೊಟ್ಟವನಲ್ಲ.

ಇಂಥವನಿಗೂ ಒಂದು ಕಡೆ ಜೀವ ಮೆತ್ತಗಿತ್ತು. ಅದು ತಾಯಿ ಗುರಮ್ಮ. ಗುರಮ್ಮನಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಬಿಸಿಲಿನ ಬೆಳಕಿದ್ದರೆ ಮಾತ್ರ ಕಾಣುತ್ತಿತ್ತು. ಸೋಮವಾರ ಆ ಕಣ್ಣಿಗೆ ಆಪರೇಷನ್. ‘ಉಳಿದರೆ ಉಳಿಯಿತು, ಖಾತ್ರಿ ಹೇಳಲಾರೆ’ ಅಂದಿದ್ದರು ಡಾಕ್ಟರು. ಆಗ ಗುರಮ್ಮ ಮಗನನ್ನು ಹತ್ತಿರ ಕರೆದು ಹೇಳಿದಳು.

“ತಮ್ಮಾ, ನಾ ಹುಟ್ಟಿದಾಗಿಂದ ಒಮ್ಮಿನೂ ಸಮುದ್ರ ನೋಡಿಲ್ಲ. ಈ ಕಣ್ಣು ಇರೋದ್ರೊಳಗ ಒಂದ್ಸಲ ತೋರಿಸ್ತೀ ಏನು?”

ಮಹಾರುದ್ರಪ್ಪ ಕೂಡಲೇ ಶನಿವಾರಕ್ಕೆ ವಿಮಾನದ ಟಿಕೇಟು ತೆಗೆದ. ಮಧ್ಯಾಹ್ನ ಮಂಗಳೂರಿಗೆ ಇಳಿಯುವುದು, ಅಲ್ಲಿಂದ ಕಾರಿನಲ್ಲಿ ಮರವಂತೆ, ಸಂಜೆಯ ಬೆಳಕಿನಲ್ಲಿ ಸಮುದ್ರ. ಹತ್ತಿರದಲ್ಲೂ ಕಡಲಿತ್ತು, ಆದರೆ ಮರವಂತೆಯಲ್ಲಿ ರಸ್ತೆಯಂಚಿಗೇ ನೀರು, ಮುದುಕಿ ಮರಳಿನಲ್ಲಿ ನಡೆಯಬೇಕಿಲ್ಲ. ರಾತ್ರಿ ಅಲ್ಲೇ ಮಲಗಿ, ಭಾನುವಾರ ನಸುಕಿನ ಕತ್ತಲಲ್ಲೇ ಹೊರಟು ವಾಪಸು. ಇದ್ದದ್ದು ಆ ಒಂದು ಸಂಜೆ ಮಾತ್ರ.

ಕಣ್ಣು ಮಂಜಾದ ಮುದುಕಿಯನ್ನು ಬಸ್ಸಿನಿಂದ ಬಸ್ಸಿಗೆ ಹತ್ತಿಸಿ ಇಳಿಸುವುದು ಆಗದ ಮಾತು. ಹಾಗಾಗಿ ಮೊದಲೇ ಕಾರು ಗೊತ್ತು ಮಾಡಬೇಕಾಯಿತು. ಮಂಗಳೂರಿನ ಒಂದು ಟ್ಯಾಕ್ಸಿ ಆಫೀಸಿಗೆ ಗೋದಾಮಿನ ಫೋನಿನಿಂದ ಕರೆ ಮಾಡಿದ. ಎತ್ತಿದವಳು ಪ್ರಮೀಳಾ ಎಂಬ ಹುಡುಗಿ.

“ಎಷ್ಟು ಜನ ಸರ್? ಚಿಕ್ಕ ಮಕ್ಕಳು, ವಯಸ್ಸಾದವರು ಯಾರಾದ್ರೂ ಇದ್ದಾರಾ?”

“ನಮ್ಮ ಅವ್ವ ಇದ್ದಾಳ್ರಿ. ಕಣ್ಣು ಸರಿ ಕಾಣಂಗಿಲ್ಲ. ಕತ್ತಲಾಗೋದ್ರೊಳಗ ಸಮುದ್ರ ತೋರಿಸಬೇಕು.”

“ಖಂಡಿತ ಸರ್, ಡ್ರೈವರಿಗೆ ಹೇಳ್ತೇನೆ. ನಿಮ್ಮ ಹೆಸರು?”

ಹೆಸರು ಅಂದ ಕೂಡಲೇ ಇವನ ಕಿವಿ ನೆಟ್ಟಗಾಯಿತು. ಇವಳಿಗ್ಯಾಕೆ ನನ್ನ ಹೆಸರು? ಹೆಸರು ಹಿಡಿದು ಊರು ಹುಡುಕುತ್ತಾರೆ, ಊರು ಹಿಡಿದು ಅಂಗಡಿ ಹುಡುಕುತ್ತಾರೆ, ಯಜಮಾನ ಊರಲ್ಲಿಲ್ಲ ಅಂತ ತಿಳಿದರೆ ಗೋದಾಮಿಗೆ ಕನ್ನ! ಹೀಗೆ ಓಡಿತು ಅವನ ತಲೆ.

“ಚನ್ನಬಸಪ್ಪ ಪಾಟೀಲ, ಕಲಬುರಗಿ,” ಅಂದ.

“ಈ ನಂಬರಿಗೇ ಡ್ರೈವರ್ ಫೋನ್ ಮಾಡ್ಬಹುದಲ್ಲ ಸರ್?”

“ಮಾಡ್ಲಿ ಮಾಡ್ಲಿ,” ಅಂದವನೇ ಫೋನನ್ನು ಡ್ರಾವರಿನಲ್ಲಿ ಹಾಕಿ, ಗೋದಾಮಿಗೆ ಬೀಗ ಜಡಿದು ಮನೆಗೆ ಹೋದ. ತಾನು ಬಲು ಶಾಣ್ಯಾ ಎಂದು ಆ ದಿನ ಎರಡು ರೊಟ್ಟಿ ಹೆಚ್ಚಿಗೇ ತಿಂದ.

ಶನಿವಾರ ವಿಮಾನ ಸರಿಯಾದ ಹೊತ್ತಿಗೇ ಇಳಿಯಿತು. ಹೊರಗೆ ಬಂದರೆ ಬಾಗಿಲೆದುರಿಗೇ ಒಬ್ಬ ಡ್ರೈವರ್ ನಿಂತಿದ್ದಾನೆ. ಕೈಯಲ್ಲಿ ಬೋರ್ಡು, ಅದರ ಮೇಲೆ ದಪ್ಪಕ್ಷರದಲ್ಲಿ ‘ಚನ್ನಬಸಪ್ಪ ಪಾಟೀಲ, ಕಲಬುರಗಿ’. ಅವನ ಹೆಸರು ಉಮಾನಾಥ. ನಾನೋ ನೀವೋ ಆಗಿದ್ದರೆ ನೆಟ್ಟಗೆ ಹೋಗಿ ನಮಸ್ಕಾರ ಹೇಳಿ ಕಾರು ಹತ್ತುತ್ತಿದ್ದೆವು. ಆದರೆ ಮಹಾರುದ್ರಪ್ಪ ತಾಯಿಯನ್ನು ಒಂದು ಕುರ್ಚಿಯಲ್ಲಿ ಕೂಡಿಸಿ, ತಾನು ಕಂಬದ ಮರೆಗೆ ನಿಂತ. ಈಗ ಡ್ರೈವರನ ತಳದ ಕಾಳು ನೋಡಬೇಕಿತ್ತು ಅವನಿಗೆ!

ಉಮಾನಾಥ ಯಾರದೋ ಜೊತೆ ತುಳುವಿನಲ್ಲಿ ಮಾತಾಡಿ ನಕ್ಕ. ಇವನಿಗೆ ತುಳು ತಿಳಿಯದು. ನನ್ನ ವಿಷಯವೇ ಆಡಿಕೊಂಡು ನಗುತ್ತಿದ್ದಾರೆ ಅಂದುಕೊಂಡ. ಉಮಾನಾಥ ಪೊಲೀಸರ ಹತ್ತಿರ ಹೋಗಿ ವಿಮಾನ ಬಂತಾ ಅಂತ ಕೇಳಿದ. ಓಹೋ, ಪೊಲೀಸರೂ ಇವರ ಕಡೆಯವರೇ ಅಂದುಕೊಂಡ. ಉಮಾನಾಥ ಫೋನು ಕಿವಿಗಿಟ್ಟು, ಯಾರೂ ಎತ್ತಲಿಲ್ಲವೆಂದು ಮತ್ತೆ ಮತ್ತೆ ಒತ್ತಿದ. ಯಾವುದೋ ಗ್ಯಾಂಗಿಗೆ ಸುದ್ದಿ ಮುಟ್ಟಿಸುತ್ತಿದ್ದಾನೆ ಅಂದುಕೊಂಡ. ಪಾಪ, ಅತ್ತ ಕಲಬುರಗಿಯ ಡ್ರಾವರಿನಲ್ಲಿ ಪಾಟೀಲರ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು.

“ತಮ್ಮಾ, ಕಾರು ಬಂತೇನು?” ಎಂದು ತಾಯಿ ಕೂಗಿದಳು.

“ಬಂದದ ಅವ್ವ. ನೋಡ್ಲಾಕತ್ತೀನಿ, ತಡಿ.”

“ಕಾರೇನು ನೋಡ್ತೀಯೋ? ನಾ ಸಮುದ್ರ ನೋಡ್ಲಾಕ ಬಂದೀನಿ. ಹೊತ್ತು ಇಳಿದಂಗ ಕಾಣ್ತದ ನನಗ.”

ಅವಳಿಗೆ ಬಿಸಿಲಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಉಳಿದ ಕಣ್ಣು ಅದರ ಮೇಲೇ ನಡೆಯುತ್ತಿತ್ತಲ್ಲ.

ಕೊನೆಗೆ ಮಹಾರುದ್ರಪ್ಪ ಒಂದು ಉಪಾಯ ಹೂಡಿದ. ಯಾರೋ ದಾರಿಹೋಕನ ಹಾಗೆ ಡ್ರೈವರನ ಹತ್ತಿರ ಹೋಗಿ ನಿಂತ.

“ಆ ಪಾಟೀಲರು ಬರಂಗಿಲ್ಲರಿ. ನನಗ ಗೊತ್ತದ. ನಾನೂ ಮರವಂತೆಗೇ ಹೊಂಟೀನಿ. ನನ್ನ ಕರಕೊಂಡು ನಡೀರಿ. ಅವರಿಗಿಂತ ಹೆಚ್ಚಿಗಿ ಕೊಡ್ತೀನಿ.”

ಉಮಾನಾಥ ತಲೆ ಅಲ್ಲಾಡಿಸಿದ.

“ಅದು ಆಗುದಿಲ್ಲ ಮಾರಾಯ್ರೇ. ಅವರ ಜೊತೆ ಕಣ್ಣು ಕಾಣದ ಅಮ್ಮ ಇದ್ದಾರಂತೆ. ಕತ್ತಲೆಯಾಗುವ ಮುಂಚೆ ಕಡಲು ತೋರಿಸ್ಬೇಕಂತೆ. ನಾನು ನಿಮ್ಮನ್ನು ಹತ್ತಿಸಿಕೊಂಡು ಹೋದ್ರೆ ಆ ಅಮ್ಮ ಎಂಥ ಮಾಡುದು?”

ಮಹಾರುದ್ರಪ್ಪನ ಎದೆ ತಣ್ಣಗಾಯಿತು. ಆಹಾ, ಕಾಳು ಗಟ್ಟಿ! ಖುಷಿಯಿಂದ ಡ್ರೈವರನ ಹೆಗಲ ಮೇಲೆ ಕೈ ಹಾಕಿದ.

“ಶಭಾಷ್! ನಾನೇ ರೀ ಪಾಟೀಲ! ನಿಮ್ಮನ್ನ ಪರೀಕ್ಷಾ ಮಾಡಿದೆ. ನಡೀರಿ ಹೋಗೋಣು.”

ಉಮಾನಾಥ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಅವನ ಮುಖ ಬೇರೆಯೇ ಆಯಿತು.

“ಈಗಷ್ಟೇ ಪಾಟೀಲರು ಬರುದಿಲ್ಲ ಅಂದ್ರಿ. ಹೆಚ್ಚು ಕೊಡ್ತೇನೆ ಅಂದ್ರಿ. ನಾನು ಒಪ್ಪಲಿಲ್ಲ ಅಂತ ಈಗ ನೀವೇ ಪಾಟೀಲರಾದ್ರಾ? ಆಧಾರ್ ಕಾರ್ಡ್ ತೋರಿಸಿ ನೋಡುವ.”

ಕಾರ್ಡಿನಲ್ಲಿ ಇದ್ದದ್ದು ಮಹಾರುದ್ರಪ್ಪ.

“ಹಾಗಾದ್ರೆ ಬುಕ್ ಮಾಡಿದ ನಂಬರಿನಿಂದ ಒಂದು ಕಾಲ್ ಕೊಡಿ.”

ಆ ಫೋನು ಕಲಬುರಗಿಯಲ್ಲಿ. ಮಹಾರುದ್ರಪ್ಪ ತಾಯಿಯ ಕಡೆ ಕೈ ತೋರಿಸಿದ. “ಅಲ್ಲಿ ಕೂತಾಳ ನೋಡ್ರಿ ನಮ್ಮ ಅವ್ವ. ಆಕಿನ್ನೇ ಕೇಳ್ರಿ,” ಅಂದ.

ಉಮಾನಾಥ ಹೋಗಿ ಮುದುಕಿಯ ಮುಂದೆ ಬಗ್ಗಿ, “ಅಮ್ಮಾ, ಇವರು ಚನ್ನಬಸಪ್ಪ ಪಾಟೀಲರಾ?” ಎಂದು ಕೇಳಿದ.

“ಯಾವ ಪಾಟೀಲ? ನಮ್ಮ ಮನಿಯಾಗ ಪಾಟೀಲರು ಯಾರೂ ಇಲ್ಲಪ್ಪ,” ಅಂದಳು ಗುರಮ್ಮ. “ಇವ ನನ್ನ ಮಗ ಮಹಾರುದ್ರಪ್ಪ.”

ಆಯಿತಲ್ಲ! ಪಾಪ, ಅವಳದೇನು ತಪ್ಪು? ಇದ್ದದ್ದನ್ನು ಹೇಳಿದಳು.

ಉಮಾನಾಥ ಆಫೀಸಿಗೆ ಫೋನು ಮಾಡಿ ಮಹಾರುದ್ರಪ್ಪನ ಕೈಗೆ ಕೊಟ್ಟ. ಇವನು ಇದ್ದ ನಿಜವನ್ನೆಲ್ಲ ಪ್ರಮೀಳಾಗೆ ಒದರಿದ. ಹೆಸರು ಸುಳ್ಳು, ನಂಬರು ಗೋದಾಮಿನದು, ಅವ್ವ ಮಾತ್ರ ಖರೆ, ದಯವಿಟ್ಟು ಕಳಿಸಮ್ಮಾ ಅಂದ. ಆ ಹುಡುಗಿ ಗಡಸಾಗಿಯೇನೂ ಮಾತಾಡಲಿಲ್ಲ.

“ಹೆಸರೇ ಸುಳ್ಳು ಹೇಳಿದವರು ಈಗ ಹೇಳುದು ನಿಜ ಅಂತ ನಾನು ಹೇಗೆ ನಂಬುದು ಸರ್? ನಿಮ್ಮನ್ನು ಕಳಿಸಿದ ಮೇಲೆ ನಿಜವಾದ ಪಾಟೀಲರು ಅಮ್ಮನನ್ನು ಕರ್ಕೊಂಡು ಹೊರಗೆ ಬಂದ್ರೆ? ಆ ನಂಬರಿನಿಂದ ಒಂದು ಫೋನ್ ಬರಲಿ, ಸಾಕು.”

ಬೇರೆ ಟ್ಯಾಕ್ಸಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ಹೋದ, ಹಿಡಿಯಲೆಂದೇ ಹೋದ. ಒಬ್ಬನ ಕಾರಿನ ಟೈರು ಸವೆದಿದೆ ಅಂದ. ಇನ್ನೊಬ್ಬ ಕರೆಯದೆಯೇ ತಾನಾಗಿ ಬಂದನಲ್ಲ ಯಾಕೆ ಅಂದ. ಮತ್ತೊಬ್ಬನಿಗೆ ಮೀಸೆ ಜಾಸ್ತಿಯಾಯಿತು ಅಂದ. ಜೊತೆಗೆ, ಇಷ್ಟರಲ್ಲಿ ಅವನು ನಂಬಬಹುದಾದ ಡ್ರೈವರ್ ಊರಿಗೆಲ್ಲ ಒಬ್ಬನೇ ಉಳಿದಿದ್ದ. ಅವನೋ ಇವನನ್ನು ನಂಬಲೊಲ್ಲ!

ಕಡೆಗೆ ಹೆಂಡತಿಗೆ ಫೋನು ಮಾಡಿದ. ಗೋದಾಮು ತೆಗೆದು ಡ್ರಾವರಿನ ಫೋನಿನಿಂದ ಈ ಡ್ರೈವರನಿಗೆ ಮಾತಾಡು ಅಂದ.

“ಏನು ಹಲ್ಲಿಲೆ ಕಚ್ಚಿ ತೆಗೀಲೇನು ಬೀಗ?” ಎಂದು ನೀಲಮ್ಮ ಅಲ್ಲಿಂದಲೇ ಸಿಡಿದಳು. “ಕೀಲಿಕೈ ನಿಮ್ಮ ಉಡಿದಾರದಾಗ ಜೋತಾಡ್ಲಾಕತ್ತದಲ್ಲ!”

ಬೀಗ ಒಡೆಯುವವನನ್ನು ಹುಡುಕಬೇಕಾಯಿತು. ಮಹಾರುದ್ರಪ್ಪ ಆರಿಸಿ ಆರಿಸಿ ತಂದ ಬೀಗ ಅದು, ಸುಲಭಕ್ಕೆ ಮುರಿಯುವಂಥದ್ದಲ್ಲ. ಇತ್ತ ಏರ್‌ಪೋರ್ಟಿನ ಅಂಗಳದಲ್ಲಿ ನೆರಳು ಉದ್ದವಾಗುತ್ತಾ ಹೋಯಿತು. ಗುರಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕಾರು ಬಂತೇನು ಅಂತ ಕೇಳುವುದನ್ನೂ ಬಿಟ್ಟಿದ್ದಳು.

ಅಂತೂ ಉಮಾನಾಥನ ಫೋನು ಹೊಡೆದುಕೊಂಡಿತು. ಪಾಟೀಲರ ನಂಬರೇ. ಆ ಕಡೆ ನೀಲಮ್ಮ.

“ಹೌದ್ರೀ ಅಣ್ಣಾರ, ಅವರು ನಮ್ಮ ಯಜಮಾನರೇ. ಹೆಸರು ಸುಳ್ಳು, ಮನುಷ್ಯಾ ಖರೆ. ನಮ್ಮ ಅತ್ತೀನ್ನ ಲಗೂನ ಸಮುದ್ರಕ್ಕ ಮುಟ್ಟಸ್ರಿ, ನಿಮ್ಮ ಕಾಲಿಗಿ ಬೀಳ್ತೀನಿ.”

ಉಮಾನಾಥ ಕೂಡಲೇ ಕಾರಿನ ಬಾಗಿಲು ತೆಗೆದ. ಮುದುಕಿಯನ್ನು ಕೈಹಿಡಿದು ಕೂಡಿಸಿ ಕಾರು ಹೊರಡಿಸಿದ. ಜೀವಕ್ಕೆ ಅಪಾಯವಾಗದಷ್ಟು ಬೇಗ ಓಡಿಸಿದ. ಆದರೆ ಶನಿವಾರದ ರಸ್ತೆ ಹೇಗಿರುತ್ತದೆ ನಿಮಗೇ ಗೊತ್ತು. ಉಡುಪಿ ದಾಟುವಾಗ ಬಿಸಿಲು ಕೆಂಪಾಯಿತು. ಕುಂದಾಪುರ ಬರುವಾಗ ಅದೂ ಹೋಯಿತು.

“ತಮ್ಮಾ, ಕತ್ತಲಾಯ್ತೇನು?” ಅಂದಳು ಗುರಮ್ಮ.

ಮಹಾರುದ್ರಪ್ಪ ತಾಯಿಯ ಕೈ ಹಿಡಿದುಕೊಂಡ.

ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ಕಾರು ನಿಂತಾಗ ಎರಡೂ ಕಡೆ ಕಪ್ಪು. ಗುರಮ್ಮ ಮಗನ ತೋಳು ಹಿಡಿದು ಇಳಿದಳು. ಮುಖಕ್ಕೆ ಗಾಳಿ ಹೊಡೆಯಿತು.

“ಸಪ್ಪಳ ಕೇಳ್ತದ. ನೀರು ಎಲ್ಲದ?”

ಆಗ ಯಾರೂ ಹೇಳದೆಯೇ ಉಮಾನಾಥ ಮತ್ತೆ ಕಾರು ಹತ್ತಿದ. ಹಿಂದೆ ಮುಂದೆ ಮಾಡಿ, ಕಾರಿನ ಮೂತಿಯನ್ನು ಸಮುದ್ರಕ್ಕೆ ತಿರುಗಿಸಿ, ದೊಡ್ಡ ಲೈಟು ಹಾಕಿದ. ಬೆಳಕು ಬಿದ್ದಷ್ಟು ಜಾಗದಲ್ಲಿ ಅಲೆಯ ನೊರೆ ಬೆಳ್ಳಗೆ ಬಂತು, ಹೋಯಿತು.

ಗುರಮ್ಮ ಕುತ್ತಿಗೆ ಮುಂದೆ ಚಾಚಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಬೆಳ್ಳಗ ಒಂದು ಗೆರಿ ಅಲ್ಲಾಡ್ದಂಗ ಕಾಣ್ತದ. ಅದೇ ಏನು ಸಮುದ್ರ?”

“ಹೌದವ್ವ.”

“ಇಷ್ಟೇ ಏನು?”

ಮಹಾರುದ್ರಪ್ಪ ಅಲ್ಲೇ ರಸ್ತೆಯ ಅಂಚಿಗೆ ಕುಸಿದು ಕೂತ. ಮಂದಿ ನೋಡುತ್ತಾರೆ ಅನ್ನುವುದನ್ನೂ ಮರೆತು ಅತ್ತ.

“ಇಷ್ಟೇ ಅಲ್ಲವ್ವ. ಭಾಳ ದೊಡ್ಡದದ. ಕಣ್ಣು ಮುಟ್ಟೋತನಕ ಅದ. ನಾನೇ ನಿನಗ ಕಾಣಗೊಡಲಿಲ್ಲ.”

ತಾಯಿ ತಡಕಾಡಿ ಅವನ ತಲೆಯ ಮೇಲೆ ಕೈಯಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಉಮಾನಾಥ ಬ್ಯಾಟರಿ ಇಳಿದೀತೆಂದು ಇಂಜಿನ್ ಬಂದ್ ಮಾಡದೆ, ಅವರು ಸಾಕು ಅನ್ನುವವರೆಗೂ ಆ ಲೈಟನ್ನು ಹಾಗೇ ಉರಿಸಿಟ್ಟಿದ್ದ.

ಸೋಮವಾರ ಕಣ್ಣು ಉಳಿಯಿತೇ ಎಂದು ಕೇಳುತ್ತೀರಿ. ಉಳಿಯಲಿಲ್ಲ. ಈಗಲೂ ಯಾರಾದರೂ ಸಮುದ್ರ ಹೇಗಿತ್ತು ಎಂದು ಕೇಳಿದರೆ ಗುರಮ್ಮ ಗಾಳಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸುತ್ತಾಳೆ. ಆ ಹೊತ್ತಿಗೆ ಮಹಾರುದ್ರಪ್ಪ ಎದ್ದು ಒಳಗೆ ಹೋಗುತ್ತಾನೆ.

ಈ ಕಥೆಯನ್ನು ಹತ್ತು ಮಂದಿಗೆ ಕಳಿಸಿದರೆ ಒಳ್ಳೆಯದಾಗುತ್ತದೆ ಎಂದು ನಾನು ಹೇಳುವುದಿಲ್ಲ. ಓದಿದ ನೀವೊಬ್ಬರು ನೆನಪಿಟ್ಟುಕೊಂಡರೆ ಸಾಕು.

ನೀತಿ: ಎಚ್ಚರ ಇರಲಿ, ಬೇಡವೆನ್ನುವವರಿಲ್ಲ. ಆದರೆ ಮೋಸ ಹೋಗಬಾರದೆಂದು ನಾವೇ ಸುಳ್ಳಿನ ಹಿಂದೆ ಅಡಗಿದರೆ, ಒಳ್ಳೆಯವರು ಎದುರಿಗೆ ಬಂದು ನಿಂತಾಗ ಅವರಿಗೂ ನಮ್ಮನ್ನು ನಂಬಲು ದಾರಿ ಉಳಿಯುವುದಿಲ್ಲ. ಅದರ ನಷ್ಟ ಬಹಳ ಸಲ ಬೀಳುವುದು, ನಾವು ಯಾರಿಗಾಗಿ ಹೊರಟಿದ್ದೆವೋ ಅವರ ಮೇಲೆ.