ಹನ್ನೊಂದು ರೂಪಾಯಿ ಮುಯ್ಯಿ

ಮುಯ್ಯಿ ಅಂದರೆ ನಮ್ಮ ಮದುವೆಗೆ ಅವರು ಹಾಕಿದ್ದನ್ನು ಅವರ ಮನೆ ಮದುವೆಗೆ ನಾವು ತಿರುಗಿ ಹಾಕೋದು. ಹೂ ಮಾರುವ ಸಾಕಮ್ಮ ಹಾಗೇ ಹನ್ನೊಂದು ರೂಪಾಯಿ ಹಾಕಿದಳು. ಮದುವೆ ಅವಳ ದೊಡ್ಡಪ್ಪನ ಮಗ ನಂಜರಾಜಯ್ಯನ ಮೊಮ್ಮಗಳದು. ನಂಜರಾಜಯ್ಯ ರಿಟೈರಾದ ಬ್ಯಾಂಕ್ ಮ್ಯಾನೇಜರು. ಎಲ್ಲರೆದುರೇ ಫೋನು ತೆಗೆದ.

"ನಿನ್ನ ಮದುವೇಲಿ ನಾನು ಹನ್ನೊಂದು ಹಾಕಿ ಐವತ್ತು ವರ್ಷ ಆಯ್ತಮ್ಮ. ಬೆಲೆ ಸೂಚ್ಯಂಕ ಮೂವತ್ತು ಪಟ್ಟಾಗಿದೆ. ಅದೀಗ ಮುನ್ನೂರ ಮೂವತ್ತಕ್ಕೆ ಸಮ."

"ಎಲ್ಲಕ್ಕೂ ಹಂಗೇನಾ ಅಣ್ಣಯ್ಯ?"

"ಎಲ್ಲಕ್ಕೂ."

"ಅವತ್ತು ನೀವೆಲ್ಲ ನಮ್ಮಪ್ಪನ ಮನೇಲಿ ಮೂರು ದಿನ ಉಂಡ್ರಿ. ಚಪ್ಪರದಡಿ ಚಾಪೆ ಹಾಸ್ಕೊಂಡು ಮಲಗಿದ್ರಿ. ಒಬ್ಬಟ್ಟಿಗೆ ಇನ್ನೊಂದು ಸೌಟು ತುಪ್ಪ ಕೇಳಿದ್ರಿ. ಈ ಛತ್ರಕ್ಕೋ ಸಂಜೆಗೇ ಬೀಗ. ನನಗೆ ಬಾಕಿ ಉಳಿದ ಊಟಾನ ಮೂವತ್ತರಿಂದ ಗುಣಿಸಿ ಕೊಡ್ತೀರೋ, ಇಲ್ಲ ನಾನೇ ಮನೇಗೆ ಬಂದು ಉಂಡು ತೀರಿಸ್ಕೊಳ್ಳಲೋ?"

ನಂಜರಾಜಯ್ಯನ ಬೆರಳು ಫೋನಿನ ಮೇಲೇ ನಿಂತಿತು.

"ಆ ತುಪ್ಪ ಚಿಕ್ಕಮ್ಮನೇ ಕಾಯಿಸಿದ್ದು, ಅಲ್ವಾ?" ಅಂದ. ಫೋನು ಜೇಬಿಗಿಟ್ಟ. "ಹನ್ನೊಂದೇ ಸಾಕು. ಮನೇಗೂ ಬಾರಮ್ಮ. ನೆಂಟರು ಬಂದು ಉಳಿದು ಎಷ್ಟು ಕಾಲವಾಯ್ತು."

ಸಾಕಮ್ಮ ಕುರ್ಚಿ ಕೆಳಗಿಂದ ಬಟ್ಟೆಗಂಟು ಎಳೆದಳು. ಮೂರು ಸೀರೆ ಮಡಿಸಿಕೊಂಡೇ ಬಂದಿದ್ದಳು.